ರಸ್ತೆಗೆ ಚೆಲ್ಲಿದ ಅವರೆ ಸಿಪ್ಪೆ

ಧಡ್... ಧಡ್... ಧಡ್. ನಡುವೆ ಒಂದು ಉಸಿರಿನಷ್ಟು ಬಿಡುವು. ಮತ್ತೆ ಧಡ್.

ರಾಜಗೋಪಾಲನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಪವರ್ ಪ್ರೆಸ್ಸಿನ ಸದ್ದು ಅದು. ಡೈ ಅನ್ನೋ ಅಚ್ಚನ್ನು ತಗಡಿನ ಮೇಲೆ ಒತ್ತಿ ವಾಷರ್ ಕತ್ತರಿಸೋ ಮೆಷಿನ್. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಆರರವರೆಗೂ ನಮ್ಮ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು. ನಮ್ಮನೆಯವರು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು, ಅವರಿಗೆ ಅದು ಜೋಗುಳ. "ಡೈ ಮೊಂಡಾಗಿದೆ ಲೀಲಾ, ಸದ್ದಲ್ಲೇ ಗೊತ್ತಾಗುತ್ತೆ ನೋಡು" ಅಂತ ಕಾಫಿ ಹೀರುತ್ತಾ ಕೂತಲ್ಲೇ ಡಯಾಗ್ನೋಸ್ ಮಾಡೋರು. ನನಗೋ ಬರೀ ತಲೆನೋವು. ಕರೆಂಟು ಹೋದಾಗ ಮಾತ್ರ ಆ ಪ್ರೆಸ್ಸೂ, ಅದರಾಚೆಯ ಪ್ರೆಸ್ಸೂ, ಪೀಣ್ಯದ ಅಷ್ಟೂ ಮೆಷಿನುಗಳೂ ಬಾಯಿ ಮುಚ್ಚಿಕೊಂಡುಬಿಡೋವು. ಎಂಥಾ ಸೈಲೆನ್ಸ್ ಅಂತೀರಿ! ಎದುರು ಮನೆಯವರ ಕುಕ್ಕರ್ ಇಳಿಸಿದ್ದೂ ಕೇಳಿಸೋದು. ಆ ಒಂದು ಸೈಲೆನ್ಸಿಗಾಗಿ ನಾನು ಒಂದು ಚಳಿಗಾಲ ಪೂರ್ತಿ ಕಾದಿದ್ದೆ.

ಈಗ ಇದನ್ನು ಬರೆಯೋಕೆ ಕೂರಿಸಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ನಾವಿಬ್ಬರೂ ಈಗ ಬೆಳ್ಳಂದೂರಿನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇವೆ, ಒಂಬತ್ತನೇ ಮಹಡಿ. ಮೊನ್ನೆ ಅವಳು ಆಫೀಸಿನಿಂದ ಬರುತ್ತಾ ರೆಡಿಮೇಡ್ ಹಿತಕಿದ ಅವರೆಬೇಳೆ ತಂದಳು. "ಕ್ಲೀನಾಗಿದೆ ನೋಡಮ್ಮ, ಸಿಪ್ಪೆ ಗಿಪ್ಪೆ ರಗಳೆ ಇಲ್ಲ" ಅಂದಳು. ಮುಚ್ಚಳ ತೆಗೆದೆ. ಫ್ರಿಜ್ಜಿನಲ್ಲಿಟ್ಟು ಅರ್ಧ ಸತ್ತಿತ್ತು, ಆದರೂ ತಳದಲ್ಲೆಲ್ಲೋ ಸೊಗಡು ಇತ್ತು. ಎಡಗೈಯಲ್ಲಿ ಒಂದು ಬೇಳೆ ಎತ್ತಿಕೊಂಡು ಮೂಗಿಗೆ ಹಿಡಿದೆ. ಸಿಪ್ಪೆಯೇ ಮುಖ್ಯ ಕಣೇ ಅಂತ ಮಗಳಿಗೆ ಹೇಳೋಣ ಅಂದರೆ, ಎಲ್ಲಿಂದ ಶುರು ಮಾಡಲಿ?

ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ನನಗೆ ಅರವತ್ತು ದಾಟಿತ್ತು. ಡಿಸೆಂಬರಿನ ಒಂದು ಶನಿವಾರ, ಮೇನ್ ರೋಡೆಲ್ಲ ಅಗೆದಿದ್ದರಿಂದ ತರಕಾರಿಗೆ ಹೋಗಲು ಶೆಡ್ಡುಗಳ ಸಾಲಿನ ಒಳರಸ್ತೆ ಹಿಡಿದಿದ್ದೆ. ಗ್ರೀಸು, ಕಾಯ್ದ ಕಬ್ಬಿಣ, ಲಾರಿ ಹೊಗೆ. ಆ ಬೀದಿಯ ಪರಿಮಳ ಅಷ್ಟೇ. ಅದರ ಮಧ್ಯೆ, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದ ಹಾಗೆ, ಅವರೆ ಸೊಗಡು ಬಂತು. ಕೆಳಗೆ ನೋಡಿದರೆ ನಡುರಸ್ತೆಯಲ್ಲಿ ಒಂದು ಮೊರದಷ್ಟು ಅವರೆ ಸಿಪ್ಪೆ. ಒಂದು ಲಾರಿ ಅದರ ಮೇಲೆ ಚರ್‍ರ್ ಅಂತ ಹಾದುಹೋಯಿತು, ಸೊಗಡು ದುಪ್ಪಟ್ಟಾಯಿತು.

ನಾನು ನಿಂತುಬಿಟ್ಟೆ. ಅದು ಕಸ ಅಲ್ಲ. ಅವರೆಕಾಯಿ ಸುಲಿದ ಮೇಲೆ ಸಿಪ್ಪೆಯನ್ನು ಜನ ಓಡಾಡೋ ದಾರಿಗೆ ಚೆಲ್ಲಬೇಕು. ಹೊರಗೆ ಕಾಲುಗಳು ತುಳಿದಷ್ಟೂ ಒಳಗೆ ಒಲೆ ಮೇಲಿನ ಸಾರಿಗೆ ರುಚಿ ಏರುತ್ತೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಅದು ಅಡುಗೆಯದೇ ಒಂದು ಭಾಗ, ಒಗ್ಗರಣೆ ಇದ್ದ ಹಾಗೆ. ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರೇ ತುಂಬಿದ್ದ ಆ ಬೀದಿಯಲ್ಲಿ ಹಳೇ ಹಳ್ಳಿಯವರು ಇನ್ನೂ ಯಾರೋ ಇದ್ದಾರೆ ಅಂತಾಯಿತು.

ಎರಡು ಶೆಡ್ಡುಗಳ ನಡುವೆ ಒಂದು ಹೆಂಚಿನ ಮನೆ ಇಕ್ಕಟ್ಟಾಗಿ ಕೂತಿತ್ತು. ಎರಡೂ ಕಡೆ ಪ್ರೆಸ್ಸು, ಧಡ್ ಧಡ್. ಜಗಲಿ ಮೇಲೆ ಎಂಬತ್ತರ ಆಸುಪಾಸಿನ ಮುದುಕಿ, ಮಡಿಲಲ್ಲಿ ಅವರೆಕಾಯಿ.

"ಸಿಪ್ಪೆ ಯಾರು ಹಾಕಿದ್ದು?" ಅಂತ ಸದ್ದಿನ ಮೇಲೆ ಕೂಗಿ ಕೇಳಿದೆ.

ಕನ್ನಡಕ, ಕೈಚೀಲ, ಗಂಜಿ ಹಾಕಿದ ಕಾಟನ್ ಸೀರೆ, ಮೇಲೆ ನನ್ನ ಕಾನ್ವೆಂಟ್ ದನಿ. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದಳು: "ನಾನಲ್ಲ ಕಣವ್ವೋ! ದನ ತಂದ್ ಆಕ್ಬುಟ್ಟೋಯ್ತು!"

ಆ ಬೀದಿಯಲ್ಲಿ ದನ ಇರಲಿ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಒಳಗಿನಿಂದ ಸೊಸೆ ಓಡಿ ಬಂದಳು. ರತ್ನ ಅಂತ, ಪಕ್ಕದ ಶೆಡ್ಡಿನಲ್ಲೇ ಪ್ಯಾಕಿಂಗ್ ಕೆಲಸ. "ಕಾರ್ಪೊರೇಷನ್ನವ್ರಾ ಮೇಡಂ? ವಯಸ್ಸಾದವ್ರು ಮೇಡಂ, ಎಷ್ಟ್ ಹೇಳಿದ್ರೂ ಕೇಳಲ್ಲ. ಈಗ್ಲೇ ಗುಡಿಸ್ಬಿಡ್ತೀನಿ" ಅಂತ ಪೊರಕೆ ಎತ್ತಿಕೊಂಡಳು.

"ಗುಡಿಸ್ಬೇಡಿ!" ಅಂತ ನಾನು ಕಿರುಚಿದೆ. "ಈಗಿನ್ನೂ ಒಂದೇ ಲಾರಿ ಹೋಗಿದೆ!"

ಮುದುಕಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಬೊಚ್ಚು ಬಾಯಿ ತೆರೆದು ನಕ್ಕಳು. "ಅಂಗಾದ್ರೆ ಕೂತ್ಕ ಬಾ" ಅಂದಳು.

ನೆನೆಸಿಟ್ಟ ಕಾಳಿನ ಪಾತ್ರೆಯನ್ನು ನನ್ನ ಕಡೆ ತಳ್ಳಿದಳು. ಹೆಸರಿಲ್ಲ, ಊರಿಲ್ಲ, ಮೊದಲು ಕೆಲಸ. ನಾನು ಕಾಳು ಹಿತುಕಲು ಶುರುಮಾಡಿದೆ, ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ತೊಗಟೆ ಬಿಟ್ಟು ಬೇಳೆ ಪುಟಕ್ಕನೆ ಹಾರುತ್ತಲ್ಲ, ಹಾಗೆ. ಹತ್ತು ಕಾಳು ಆಗಿರಬಹುದು. ಮುದುಕಿಯ ಕೈ ನಿಂತಿತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

"ಎಡಚಿ" ಅಂದಳು. ಆಮೇಲೆ ಜೋರಾಗಿ, "ನೀನು ಕ್ವಾಟ್ರಸ್ ಎಡಚಿ ಅಲ್ವೇನೇ?"

ಐವತ್ತು ವರ್ಷಕ್ಕೂ ಮೇಲಾಗಿತ್ತು ಯಾರೂ ನನ್ನನ್ನು ಹಾಗೆ ಕರೆದು. ಹಾಗೆ ಕರೆಯುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬಳೇ.

"ಹನುಮಕ್ಕಾ..." ಅಂದೆ.

ಆ ಹೆಸರಿನ ಹಿಂದಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ನಮ್ಮ ತಂದೆ ಆಗ ಹೊಸದಾಗಿ ಶುರುವಾಗಿದ್ದ ಸರ್ಕಾರಿ ಕಾರ್ಖಾನೆಯ ಆಫೀಸರು. ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಕಾಂಪೌಂಡಿನಾಚೆ ರಾಗಿ ಹೊಲ, ಅದರಾಚೆ ಹಳ್ಳಿ. ಆ ಹಳ್ಳಿಯಿಂದ ನಮ್ಮ ಸಾಲಿನ ಮನೆಗಳಿಗೆಲ್ಲ ತಿಂಗಳ ಲೆಕ್ಕದಲ್ಲಿ ದಿನಾ ವರ್ತನೆ ಹಾಲು ತರುತ್ತಿದ್ದವಳು ಹನುಮಕ್ಕ. ಅವಳಿಗಾಗ ಇಪ್ಪತ್ತೈದು ಇದ್ದೀತು, ನನಗೆ ಎಂಟು.

ನಾನು ಹುಟ್ಟಾ ಎಡಗೈಯವಳು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನ ಜಡೆಯ ರಿಬ್ಬನ್ ಬಿಚ್ಚಿ ಅದರಲ್ಲೇ ನನ್ನ ಎಡಗೈಯನ್ನು ಬೆಂಚಿಗೆ ಕಟ್ಟುತ್ತಿದ್ದರು. "ದಿ ಅದರ್ ಹ್ಯಾಂಡ್, ಚೈಲ್ಡ್." ಮನೆಯಲ್ಲಿ ಅಮ್ಮನದು ಮಡಿಯ ಮನೆ, ಎಡಗೈ ಪಾತ್ರೆಗೆ ತಾಗಿದರೆ ಮಣಿಕಟ್ಟಿನ ಮೇಲೆ ಸೌಟಿನ ಏಟು. ಅಮ್ಮನೂ ಕೆಟ್ಟವಳಲ್ಲ, ಸಿಸ್ಟರೂ ಕೆಟ್ಟವರಲ್ಲ, ನನ್ನನ್ನು ಡೀಸೆಂಟ್ ಹುಡುಗಿ ಮಾಡೋಕೆ ಹೊರಟಿದ್ದರು ಅಷ್ಟೇ. ಆದರೆ ಎಂಟು ವರ್ಷದ ಹುಡುಗಿ ವಾರವೆಲ್ಲ ತನ್ನದೇ ಒಂದು ಕೈಯನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ತಿರುಗೋದು ಅಂದರೆ ಏನು ಅಂತ ಯೋಚಿಸಿ.

ಶನಿವಾರ ಅರ್ಧ ದಿನ ಸ್ಕೂಲು. ಬಸ್ಸಿಳಿದವಳು ಮನೆಗೆ ಹೋಗದೆ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ನುಸುಳಿ, ಹೊಲದ ಬದು ಹಿಡಿದು ಓಡುತ್ತಿದ್ದೆ. ಹನುಮಕ್ಕನ ಅಂಗಳದಲ್ಲಿ ರಾಶಿ ಅವರೆ. ಮೊದಲ ದಿನ ನಾನು ಬಲಗೈಯಲ್ಲಿ ಪರದಾಡೋದನ್ನು ನೋಡಿ ಅವಳು ಕೇಳಿದ್ದಳು, "ಆ ಕೈಗೇನ್ ಬಂದೈತೆ? ನೋವಾ?" ಇಲ್ಲ, ಅದು ಕೆಟ್ಟ ಕೈ ಅಂದೆ. ಹನುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಳು. "ನಮ್ಮ ಅಸೀಗೆ ನಾಕು ಮೊಲೆ. ಒಂದು ಒಳ್ಳೇದು ಮೂರು ಕೆಟ್ಟವಾ? ಇತುಕೇ, ಎರಡೂ ಕೈಲಿ ಇತುಕು!"

ಅವತ್ತಿನಿಂದ ಅವಳ ಅಂಗಳದಲ್ಲಿ ನನಗೆ ಎರಡು ಕೈ. ಬೇಳೆ ಯಾರದು ದೂರ ಹಾರುತ್ತೆ ಅಂತ ಇಬ್ಬರಿಗೂ ಪಂದ್ಯ. ನನ್ನದು ಒಮ್ಮೆ ಕರುವಿನ ಮೂಗಿಗೇ ಬಡಿದು ಅದು ಸೀನಿತ್ತು, ಹನುಮಕ್ಕ ಆ ಸೀನನ್ನು ಊರಿಗೆಲ್ಲ ಮಾಡಿ ತೋರಿಸಿದ್ದಳು. ಆಮೇಲೆ ಸಿಪ್ಪೆಯನ್ನು ಮೊರದಲ್ಲಿ ಹೊತ್ತು ಗಾಡಿ ದಾರಿಗೆ ಚೆಲ್ಲೋದು ನನ್ನ ಕೆಲಸ. ಗಾಡಿ ಬಾರದಿದ್ದರೆ ಸ್ಕೂಲಿನ ಬ್ಲ್ಯಾಕ್ ಶೂಸ್ ಹಾಕಿಕೊಂಡು ನಾನೇ ಅದರ ಮೇಲೆ ಕುಣಿಯುತ್ತಿದ್ದೆ. ಒಳಗಿಂದ ಅವಳು ಕೂಗೋಳು, "ಗಟ್ಟಿಗ್ ತುಳಿಯೇ, ಸಾರು ಇನ್ನೂ ಸಪ್ಪೆ!" ಕೊನೆಗೆ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಯಾವ ಕೈಯಲ್ಲಾದರೂ ತಿನ್ನು.

ಲೆಕ್ಕ ಹಾಕಿದರೆ ಎರಡು ಅವರೆ ಸೀಸನ್ನು, ಅಷ್ಟೇ. ಆದರೆ ಬಾಲ್ಯ ಅಂತ ಯಾರಾದರೂ ಅಂದರೆ ನನ್ನ ಕಣ್ಣ ಮುಂದೆ ಕಾನ್ವೆಂಟೂ ಬರಲ್ಲ, ಕ್ವಾರ್ಟರ್ಸೂ ಬರಲ್ಲ. ಆ ಅಂಗಳ ಬರುತ್ತೆ.

ಅದನ್ನು ಮುಗಿಸಿದವಳೂ ನಾನೇ. ಎರಡನೇ ಸೀಸನ್ನಿನ ಒಂದು ಶನಿವಾರ ಅಮ್ಮ ಜಡೆ ಹಾಕುತ್ತಾ ನನ್ನ ಕೈ ಮೂಸಿದಳು. ಬಲಗೈ ಉಜ್ಜಿ ತೊಳೆದಿದ್ದೆ, ಅದರಲ್ಲಿ ಏನೂ ಇಲ್ಲ. ಎಡಗೈಯ ಉಗುರುಗಳಲ್ಲೆಲ್ಲ ಸೊಗಡು. "ಎಲ್ಲಿ ಹೋಗಿದ್ದೆ? ಅವರ ಮನೇಲಿ ತಿಂದೆಯಾ?" ಅಮ್ಮನ ದನಿಗೆ ಹೆದರಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನಾನಾಗಿ ತಿನ್ನಲಿಲ್ಲ. ಹನುಮಕ್ಕ ಬಲವಂತ ಮಾಡಿ ತಿನ್ನಿಸಿದ್ಲು."

ಮಾರನೇ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ಬಂದವಳನ್ನು ಅಮ್ಮ ವೆರಾಂಡದಲ್ಲಿ ನಿಲ್ಲಿಸಿ ಕೇಳಿದಳು. ನಾನು ಬಾಗಿಲ ಹಿಂದಿದ್ದೆ. ಹನುಮಕ್ಕ ನನ್ನನ್ನು ಒಂದೇ ಒಂದು ಸಲ ನೋಡಿದಳು. "ಊಂ ಕಣ್ರವ್ವ. ಮಗಾ ಬ್ಯಾಡ ಅಂತು, ನಾನೇ ತುರುಕ್ದೆ" ಅಂದಳು. ನನಗೆ ಏಟು ಬೀಳಲಿಲ್ಲ. ಅವಳಿಗೆ ನಮ್ಮನೆ ವರ್ತನೆ ತಪ್ಪಿತು. ವಾರದೊಳಗೆ ಸುದ್ದಿ ಹಬ್ಬಿ ಇಡೀ ಸಾಲಿನದೂ ತಪ್ಪಿತು. ಗೋಡೆಯ ಬಿರುಕಿಗೆ ತಂದೆ ಸಿಮೆಂಟು ಹಾಕಿಸಿದರು. ಬೇಸಿಗೆಯಲ್ಲಿ ನಮಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಯಿತು.

ಇಷ್ಟನ್ನು ಐವತ್ತು ವರ್ಷ ಹೊತ್ತುಕೊಂಡು ತಿರುಗಿದವಳ ಮುಂದೆ ಈಗ ಅದೇ ಹನುಮಕ್ಕ ಕೂತಿದ್ದಳು. ನಾನು ಹೇಳಬೇಕಿದ್ದದ್ದು ಎರಡೇ ಮಾತು. ಒಂದು 'ಸಾರಿ', ಒಂದು 'ಥ್ಯಾಂಕ್ಸ್'. ಆದರೆ ಟೈಮ್ ಕಡಿಮೆಯಿತ್ತು. ಆ ಹೆಂಚಿನ ಮನೆಯನ್ನು ಕೆಡವಿ ಶೆಡ್ಡು ಕಟ್ಟಿಸೋದು ಅಂತ ಅವಳ ಮಗ ನಿಶ್ಚಯಿಸಿದ್ದ, ಸಂಕ್ರಾಂತಿ ಕಳೆದರೆ ಎಲ್ಲರೂ ಲಗ್ಗೆರೆಯ ಬಾಡಿಗೆ ಮನೆಗೆ. "ಅತ್ತೆ ಆಮೇಲೆ ಹೆಂಗಿರ್ತಾರೋ ಗೊತ್ತಿಲ್ಲಕ್ಕ" ಅಂತ ರತ್ನ ಗೇಟಿನ ಹತ್ತಿರ ಹೇಳಿದಳು. "ಆಗಾಗ ನನ್ನೇ ಯಾರು ಅಂತ ಕೇಳ್ತಾರೆ."

ಪ್ರತಿ ಶನಿವಾರ ಹೋದೆ. ತೊಂದರೆ ಏನೆಂದರೆ, ಆ ಜಗಲಿಯಲ್ಲಿ ಮೆಲ್ಲಗೆ ಏನನ್ನೂ ಹೇಳಲು ಆಗುತ್ತಿರಲಿಲ್ಲ. ಎರಡೂ ಕಡೆ ಪ್ರೆಸ್ಸು, ಅದರ ಜೊತೆ ಇಷ್ಟು ವರ್ಷ ಬಾಳಿ ಅವಳ ಕಿವಿಯೂ ಮಂದ. ಕ್ಷಮೆ ಕೇಳೋದನ್ನು ಬಸ್ ಕಂಡಕ್ಟರಿನ ಹಾಗೆ ಕೂಗಿ ಕೇಳೋದು ಹೇಗೆ? ಒಂದು ದಿನ ಧೈರ್ಯ ಮಾಡಿ, "ಹನುಮಕ್ಕ, ನಿಮ್ಮ ಹತ್ರ ಒಂದು ಮಾತು..." ಅಂತ ಕೂಗಿದೆ.

"ಯಾರ್ನ ನೀವು ಅಂತೀಯ? ಇನ್ಯಾವಳ್ ಕೂತವ್ಳೆ ಇಲ್ಲಿ?" ಅಂತ ಹಿಂದೆ ತಿರುಗಿ ನೋಡಿದಳು.

"ಸರಿ, ನಿನ್ನ ಹತ್ರ. ಅವತ್ತು ನಮ್ಮಮ್ಮ ಕೇಳಿದಾಗ..."

"ನಿಮ್ಮವ್ವ ಬಲೇ ಚೆಂದಾಗಿದ್ಲು. ಮೂಗುಬಟ್ಟು ಏನ್ ಒಳೆಯೋದು! ಕಾಳು ಇತುಕು, ಮಾತು ಜಾಸ್ತಿ ನಿಂದು."

ಅಲ್ಲಿಗೆ ಮುಗಿಯಿತು. ಮುಂದಿನ ವಾರವೂ ಅಷ್ಟೇ. ಶುರು ಮಾಡಿದರೆ ಕರುವಿನ ಸೀನು ಮಾಡಿ ತೋರಿಸೋಳು, ನಾನು ನಕ್ಕು ನಕ್ಕು ಹೇಳಬೇಕಾದ್ದು ಮರೆಯೋದು. ಸ್ಕೂಟರಿನಲ್ಲಿ ಕರೆದೊಯ್ಯಲು ಬಂದ ನಮ್ಮನೆಯವರನ್ನಂತೂ "ಬನ್ನಿ ಅಳಿಯಂದ್ರೇ" ಅಂತ ಕೂರಿಸಿ, ಮುದ್ದೆ ಇಕ್ಕಿ, "ಎಡಚಿ ಕೈಲಿ ಏಟು ತಿಂದಿದ್ದೀರಾ?" ಅಂತ ಕೇಳಿದಳು. ಅವರು ಗಂಭೀರವಾಗಿ, "ಎರಡೂ ಕೈಲಿ, ಹನುಮಕ್ಕ" ಅಂದರು.

ಮನೆಗೆ ಬರುತ್ತಾ ಸ್ಕೂಟರಿನ ಹಿಂದೆ ಕೂತು ನಾನು ಗೊಣಗಿದೆ, ಈ ವಾರವೂ ಹೇಳಲಾಗಲಿಲ್ಲ ಅಂತ.

"ಲೀಲಾ, ನೀನು ಸಾರಿ ಅಂದ್ರೆ ನಿನ್ನ ಭಾರ ಇಳಿಯುತ್ತೆ. ಅವಳಿಗೆ ಇನ್ನೊಂದು ಕೆಲಸ ಕೊಟ್ಟ ಹಾಗಾಗುತ್ತೆ, ಪರವಾಗಿಲ್ಲ ಅನ್ನೋ ಕೆಲಸ" ಅಂದರು ಅವರು.

"ನೀವು ಡೈ ರಿಪೇರಿ ನೋಡ್ಕೊಳ್ಳಿ" ಅಂದೆ. ಸಿಟ್ಟು ಬಂದಿತ್ತು. ನಿಜ ಇದ್ದದ್ದಕ್ಕೇ ಬಂದಿತ್ತು.

ಸಂಕ್ರಾಂತಿಯ ಹಿಂದಿನ ಶನಿವಾರ. ಮನೆಯೊಳಗೆ ಗಂಟುಮೂಟೆ ಕಟ್ಟಿದ್ದರು, ಗೋಡೆಯಿಂದ ದೇವರ ಪಟಗಳೂ ಇಳಿದಿದ್ದವು. ಹನುಮಕ್ಕ ಮಾತ್ರ ಏನೂ ಆಗದವಳ ಹಾಗೆ ಜಗಲಿಯಲ್ಲಿ ಅವರೆ ಹಾಕಿಕೊಂಡು ಕೂತಿದ್ದಳು. ಧಡ್, ಧಡ್. ನಾನು ಹಿತುಕುತ್ತಾ ಇದ್ದೆ.

ಕರೆಂಟು ಹೋಯಿತು.

ಮೊದಲು ಎಡಗಡೆಯ ಪ್ರೆಸ್ಸು, ಆಮೇಲೆ ಬಲಗಡೆಯದು, ಆಮೇಲೆ ದೂರದವು ಒಂದೊಂದಾಗಿ. ಬೇಳೆ ಪಾತ್ರೆಗೆ ಬೀಳೋ ಸದ್ದು ಕೇಳಿಸಿತು. ನಾನು ಕೈ ಒರೆಸಿಕೊಳ್ಳಲೂ ಇಲ್ಲ.

"ಹನುಮಕ್ಕ, ಅವತ್ತು ನಾನು ಸುಳ್ಳು ಹೇಳಿದೆ. ನೀನು ಬಲವಂತ ಮಾಡಿದೆ ಅಂತ ಹೇಳಿಬಿಟ್ಟೆ. ನಿನ್ನ ವರ್ತನೆ ಎಲ್ಲ ಹೋಯ್ತು. ಅದಕ್ಕೇ ಬರ್ತಾ ಇದೀನಿ ಇಷ್ಟು ವಾರದಿಂದ." ಅರವತ್ತರ ಹೆಂಗಸು, ಮೂಗು ಒರೆಸಿಕೊಳ್ಳೋಕೆ ಕರ್ಚೀಫ್ ಹುಡುಕುತ್ತಾ ಕೂತೆ.

ಅವಳು ಕಾಯಿ ಸುಲಿಯೋದು ನಿಲ್ಲಿಸಲಿಲ್ಲ. "ನೀನೆಲ್ ಸುಳ್ಳೇಳ್ದೆ?" ಅಂದಳು. "ಮೊದುಲ್ನೇ ದಿನ ನೀನು ಬ್ಯಾಡ, ಅಮ್ಮ ಬಯ್ತಾಳೆ ಅಂತ ಬಾಯ್ ಬಿಗಿದ್ಕೊಂಡು ಕೂತಿದ್ದೆ. ನಾನೇ ಮೂಗಿಡ್ದು ತುತ್ತು ತುರುಕ್ದೆ. ಬಲವಂತ ಮಾಡಿದ್ದು ದಿಟ ಕಣೇ. ದಿಟ ಏಳಿದ್ದಕ್ಕೆ ಯಾಕಳ್ತೀಯ?"

ನಾನು ಅವಳ ಮುಖವನ್ನೇ ನೋಡಿದೆ. ನನಗೆ ನೆನಪಿರೋದು ಬೇರೆ. ಮೊದಲ ದಿನ ನಾನೇ ತಟ್ಟೆ ಚಾಚಿ "ನಂಗೂ" ಅಂದಿದ್ದೆ. ಮೂಗು ಯಾರೂ ಹಿಡಿದಿರಲಿಲ್ಲ. ಅಥವಾ ಹಿಡಿದಿದ್ದಳೋ? ಎಂಟು ವರ್ಷದವಳ ನೆನಪು ಎಷ್ಟು ಗಟ್ಟಿ? ಅವಳ ಮುಖದಲ್ಲಿ ಏನೂ ಸಿಗಲಿಲ್ಲ. ವೆರಾಂಡದಲ್ಲಿ "ಊಂ ಕಣ್ರವ್ವ" ಅಂದಾಗಲೂ ಮುಖ ಹೀಗೇ ಇತ್ತು, ಬಾಗಿಲ ಹಿಂದಿನಿಂದ ನೋಡಿದ್ದೆನಲ್ಲ.

ಸಾರಿ ಹೇಳೋದಕ್ಕೇ ಜಾಗ ಇಲ್ಲದ ಹಾಗೆ ಮಾಡಿಬಿಟ್ಟಿದ್ದಳು. ಹಾಗಾದರೆ ಥ್ಯಾಂಕ್ಸ್ ಆದರೂ ಹೇಳೋಣ ಅಂತ ಬಾಯಿ ತೆರೆದೆ.

ಧಡ್. ಕರೆಂಟು ಬಂದಿತ್ತು.

ಅವಳು ಕಿವಿಯ ಹತ್ತಿರ ಕೈ ಆಡಿಸಿ, ಕೇಳಿಸಲ್ಲ ಅಂತ ಸನ್ನೆ ಮಾಡಿ, ಸಿಪ್ಪೆ ತುಂಬಿದ ಮೊರವನ್ನು ನನ್ನ ಕೈಗಿಟ್ಟಳು. ರಸ್ತೆಗೆ ಚೆಲ್ಲಿ ಬಂದೆ.

ಆಷಾಢದಲ್ಲಿ ರತ್ನಳ ಫೋನು ಬಂತು, ಹನುಮಕ್ಕ ತೀರಿಕೊಂಡಳು ಅಂತ. ನಾವಾಗ ಮಗಳ ಬಾಣಂತನಕ್ಕೆ ಅಂತ ಬೆಳ್ಳಂದೂರಿನಲ್ಲಿದ್ದೆವು, ಹೋಗೋಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೆ ನನ್ನ ಕಣ್ಣಲ್ಲಿ ಉಳಿದಿರೋದು ಲಗ್ಗೆರೆಯ ಹನುಮಕ್ಕನೇ.

ಅದಕ್ಕೂ ಮುಂಚಿನ ಫೆಬ್ರವರಿ ಶುರು, ಸೀಸನ್ನಿನ ಕೊನೆಯ ಅವರೆ. ಲಗ್ಗೆರೆಯಲ್ಲಿ ಅವರದು ಎರಡನೇ ಮಹಡಿ, ಕೆಳಗೆ ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಹೋಗಬೇಕಾದಂಥ ಸಂದಿ. ಅವತ್ತು ಅವಳಿಗೆ ರತ್ನ ಯಾರು ಅಂತ ನೆನಪಿರಲಿಲ್ಲ, ಅದು ಯಾವ ಊರು ಅಂತಲೂ ಇರಲಿಲ್ಲ. ನನ್ನ ಕೈಗೆ ಕಾಳು ಕೊಟ್ಟು ನೋಡಿದಳು. "ಎಡಚಿ" ಅಂದಳು, ಸಮಾಧಾನವಾಗಿ. ಊಟ ಹಾಕಿಸಿದಳು. ನಾನು ಬಾಯಿ ಚಪ್ಪರಿಸಿದೆ.

"ಸುಳ್ಳಾಡ್ಬ್ಯಾಡ. ಸಪ್ಪೆ ಐತೆ" ಅಂದಳು. "ಈ ಸಂದೀಲಿ ಲಾರಿ ಬರಲ್ಲ, ಗಾಡಿ ಬರಲ್ಲ. ಸಿಪ್ಪೆ ಆಕಿದ್ರೆ ಕೆಳಗ್ನೋನು ಜಗಳ. ಅವನು ಶಿಫ್ಟಿಗೋದ್ ಮ್ಯಾಲೆ ಆಕ್ತೀನಿ. ಆದ್ರೆ ಯಾರ್ ತುಳೀತಾರೆ?"

ಹೊರಟೆ. ಮೆಟ್ಟಿಲಿಳಿದು ಸಂದಿಯಲ್ಲಿ ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದೆ ಪರಪರ ಅಂತ ಏನೋ ಸುರಿಯಿತು. ತಿರುಗಿದರೆ ನೆಲದ ಮೇಲೆ ಹಸಿರು ಸಿಪ್ಪೆಯ ರಾಶಿ. ಮೇಲೆ ನೋಡಿದೆ. ಬಾಲ್ಕನಿಯ ಕಂಬಿ ಮೇಲೆ ಖಾಲಿ ಮೊರ, ಅದರ ಹಿಂದೆ ಹನುಮಕ್ಕನ ಮುಖ. ಕಾಯುತ್ತಿದ್ದಳು.

ಆಚೀಚೆ ನೋಡಿದೆ. ಎದುರು ಬಾಗಿಲಲ್ಲಿ ಒಬ್ಬಾಕೆ ಅಕ್ಕಿ ಆರಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ನೋಡಲಿ. ಕೈಚೀಲವನ್ನು ಹೆಗಲಿಗೇರಿಸಿಕೊಂಡೆ, ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದೆ. ವಾಪಸ್ ಬಂದು ಸಿಪ್ಪೆಯ ಮೇಲೆ ನಿಂತು ತುಳಿದೆ. ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ. ಚರ್‍ರ್ ಅಂತು. ಸೊಗಡು ಎದ್ದು ಮುಖಕ್ಕೆ ಬಂತು.

ಮೇಲಿನಿಂದ ದನಿ ಬಂತು, ಇಡೀ ಸಂದಿಗೆ ಕೇಳೋ ಹಾಗೆ:

"ಗಟ್ಟಿಗ್ ತುಳಿಯೇ ಎಡಚೀ! ಇನ್ನೂ ಗಟ್ಟಿಗೆ!"